ಅಪ್ಪಯ್ಯನ ಇನ್ನೂರ ಹತ್ತು ಮಾತು

ಗಂಗೊಳ್ಳಿ ಬಂದರಿನಲ್ಲಿ ಮೀನು ಹರಾಜು ಕೂಗುತ್ತಿದ್ದ ಬಚ್ಚನಿಗೆ ಗಂಟಲು ಕ್ಯಾನ್ಸರ್ ಎಂದು ಗೊತ್ತಾದ ದಿನ ಅವನ ಮಗಳು ಚೇತನಾ ಅಳಲಿಲ್ಲ. ಧ್ವನಿಪೆಟ್ಟಿಗೆ ತೆಗೆಯದೆ ಬೇರೆ ದಾರಿಯಿಲ್ಲ ಎಂದು ಡಾಕ್ಟರು ವಿವರಿಸುತ್ತಿದ್ದಾಗ, ಆಪರೇಷನ್ನಿಗೆ ಇನ್ನೆಷ್ಟು ದಿನ ಇದೆ ಎಂದಷ್ಟೇ ಕೇಳಿದಳು. ಹದಿನಾರು ದಿನ ಇತ್ತು.

ಅವಳ ಚಿಂತೆ ಅಮ್ಮನದು. ಸಕ್ಕರೆ ಕಾಯಿಲೆಯಿಂದ ವನಜಳ ಎರಡೂ ಕಣ್ಣು ಹೋಗಿ ನಾಲ್ಕು ವರ್ಷವಾಗಿತ್ತು. ಮಾತು ಹೋದ ಮೇಲೆ ಬಚ್ಚ ಚೀಟಿಯಲ್ಲಿ ಬರೆಯಬಹುದು, ಆದರೆ ಅದನ್ನು ವನಜ ಓದುವುದು ಹೇಗೆ? ಚೇತನಾ ಕೆಲಸಕ್ಕೆ ಹೋದರೆ ಮನೆಯಲ್ಲಿ ಉಳಿಯುವವರು ಅವರಿಬ್ಬರೇ.

ಚೇತನಾ ಕುಂದಾಪುರದ ಸ್ಟುಡಿಯೊ ಒಂದರಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುತ್ತಿದ್ದಳು. ಅಪ್ಪ ದಿನಾ ಆಡುವ ಮಾತುಗಳನ್ನೆಲ್ಲ ರೆಕಾರ್ಡ್ ಮಾಡಿ, ಫೋನಿನಲ್ಲಿ ಒಂದೊಂದು ಮಾತಿಗೆ ಒಂದೊಂದು ಬಟನ್ ಇಟ್ಟರೆ ಅವನು ಬೇಕಾದದ್ದನ್ನು ಒತ್ತಬಹುದು ಎಂದು ಯೋಚಿಸಿದಳು.

"ಅಪ್ಪಯ್ಯ, ಅಮ್ಮನ ಕರೂ ಹಾಂಗೇ ಹೇಳಿ," ಎಂದು ಫೋನನ್ನು ಅವನ ಮುಂದೆ ಹಿಡಿದಳು.

"ಹ್ವಾಯ್, ಶುರು ಆಯ್ತಾ? ಎಂತ ಹೇಳ್ಕ್ ಈಗ?" ಎಂದು ಬಚ್ಚ ಕೆಮ್ಮಿದ. ಮೊದಲ ರೆಕಾರ್ಡಿಂಗ್ ಅದೇ ಆಯಿತು. ಆಮೇಲೆ ಹುಮ್ಮಸ್ಸು ಬಂತು. ವನಜಾ ಬಿಸ್ನೀರ್ ಕಾದಿತಾ, ಬಾಗ್ಲ್ ಹಾಕ್ ಮಾರಾಯ್ತಿ, ಸಾರಿಗೆ ಉಪ್ಪ್ ಸಾಲ. ಹನ್ನೊಂದು ದಿನದಲ್ಲಿ ಇನ್ನೂರ ಹತ್ತು ಮಾತಾಯಿತು. "ಇಷ್ಟ್ ಮಾತ್ ನಾ ನಿನ್ ಅಮ್ಮನ ಹತ್ರ ಒಂದ್ ವರ್ಷಕ್ಕೂ ಆಡ್ತಿಲ್ಲೆ," ಎಂದು ಅವನು ನಕ್ಕರೆ ಪಕ್ಕದಲ್ಲಿ ಕೂತ ವನಜಳೂ ನಕ್ಕಳು.

ರೆಕಾರ್ಡಿಂಗಿನಲ್ಲಿ ಫ್ಯಾನಿನ ಸದ್ದು, ಕಾಗೆ, ರಸ್ತೆಯ ಹಾರ್ನು ಎಲ್ಲ ಸೇರಿತ್ತು. ಅದನ್ನು ತೆಗೆಯುವ ಸಾಫ್ಟ್‌ವೇರು ಅವಳ ಮನೆಯ ಕಂಪ್ಯೂಟರಿನಲ್ಲಿ ತೆವಳುತ್ತಿತ್ತು. ಹಳೆಯ ಬಿಡಿಭಾಗ ಸೇರಿಸಿ ಅವಳೇ ಕಟ್ಟಿದ ಕಂಪ್ಯೂಟರು ಅದು. ಪ್ರೊಸೆಸರಿಗೂ ರ‍್ಯಾಮಿಗೂ ಕಂಪನಿ ಇಟ್ಟಿರುವ ವೇಗವನ್ನು ಏರಿಸಿ, ತುಸು ಹೆಚ್ಚು ವೋಲ್ಟೇಜ್ ಕೊಟ್ಟು ಓಡಿಸುವ ಓವರ್‌ಕ್ಲಾಕಿಂಗ್ ಅವಳಿಗೆ ಹೊಸದಲ್ಲ. ಈ ಸಲ ಎರಡನ್ನೂ ಎಂದಿಗಿಂತ ಮೇಲಕ್ಕೆ ಏರಿಸಿದಳು. ಹಾಗೆ ಏರಿಸಿದ ಮೇಲೆ ಇಡೀ ದಿನ ಪರೀಕ್ಷೆ ಓಡಿಸಿ ನೋಡಬೇಕು. ರ‍್ಯಾಮು ತಪ್ಪು ಮಾಡಿದರೆ ಹೊರಗೆ ಏನೂ ಕಾಣುವುದಿಲ್ಲ, ಫೈಲು ಒಳಗೊಳಗೇ ಕೆಡುತ್ತದೆ. ಬೇರೆಯವರಿಗೆ ಇದನ್ನು ಅವಳೇ ಹೇಳುತ್ತಿದ್ದಳು. ಅಂದು ನಲವತ್ತು ನಿಮಿಷ ಓಡಿಸಿದಳು. ತಪ್ಪು ಬರಲಿಲ್ಲ.

ಆಪರೇಷನ್ನಿನ ಹಿಂದಿನ ದಿನ, ಮೇ ತಿಂಗಳ ಮಧ್ಯಾಹ್ನದ ಸೆಕೆಯಲ್ಲಿ ಕೆಲಸ ಮುಗಿಯಿತು. ಎಲ್ಲವನ್ನೂ ಕುಗ್ಗಿಸಿ ಒಂದೇ ಫೈಲಾಗಿ ಕಟ್ಟಿ, ಬಿಡಿ ಫೈಲುಗಳನ್ನು ಅಳಿಸಿ, ಆ ಕಟ್ಟನ್ನೇ ಇನ್ನೊಂದು ಡಿಸ್ಕಿಗೂ ಹಾಕಿದಳು. ಫೋನು ತುಂಬಿತ್ತು, ಅದನ್ನೂ ಖಾಲಿ ಮಾಡಿದಳು. ಕಟ್ಟನ್ನು ಬಿಚ್ಚಿ ನೋಡಲಿಲ್ಲ. ಆಸ್ಪತ್ರೆಯ ಚೀಲ ತುಂಬುವುದಿತ್ತು.

ಹದಿಮೂರು ದಿನ ಕಳೆದು, ಕುತ್ತಿಗೆಯ ತೂತಿನಲ್ಲಿ ಉಸಿರಾಡುತ್ತ ಬಚ್ಚ ಮನೆಗೆ ಬಂದ. ಫೋನಿಗೆ ಬಟನ್ ಜೋಡಿಸಲು ಚೇತನಾ ಫೈಲು ತೆರೆದಳು. ಮೊದಲನೆಯ ರೆಕಾರ್ಡಿಂಗ್ ಬಂತು, ಮುಂದಿನದು ಯಾವುದೂ ಬರಲಿಲ್ಲ. ಎರಡನೇ ಡಿಸ್ಕಿನಲ್ಲೂ ಅದೇ. ಸ್ಟುಡಿಯೊದ ರತೀಶ್ ಮೂರು ದಿನ ಒದ್ದಾಡಿದ. "ಚೇತನಕ್ಕ, ಫೈಲ್ ಕಟ್ಟುವತಿಗೇ ತಪ್ಪಾಯ್ತ್. ರ‍್ಯಾಮ್ ಕೈ ಕೊಟ್ಟದ್ದ್. ಇದ್ರಲ್ ತೆಗೂಕೆ ಎಂತದೂ ಇಲ್ಲೆ," ಎಂದ.

ಅವಳು ಅಪ್ಪನ ಕಾಲ ಬಳಿ ಕೂತು ಹೇಳಿದಳು. ಬಚ್ಚ ಪೆನ್ನು ಹಿಡಿದು ಬರೆದ: "ಅಷ್ಟೂ ಹೋಯ್ತಾ?" ಅದರ ಕೆಳಗೆ, "ಅಮ್ಮಂಗೆ ನೀನೇ ಹೇಳ್." ಫೈಲು ಕೆಟ್ಟಿತು ಎಂದಷ್ಟೇ ಅವಳು ಅಮ್ಮನಿಗೆ ಹೇಳಿದಳು. ವಾರವಿಡೀ ಬಚ್ಚ ಅವಳಿಗೆ ಬೇರೇನೂ ಬರೆಯಲಿಲ್ಲ.

ಆಸ್ಪತ್ರೆಯವರು ಕೊಟ್ಟ, ಕುತ್ತಿಗೆಗೆ ಒತ್ತಿ ಮಾತಾಡುವ ಯಂತ್ರ ಬಾವು ಬಂದ ಜಾಗದಲ್ಲಿ ಕೆಲಸ ಮಾಡಲಿಲ್ಲ. ಚೇತನಾ ಇನ್ನೂರ ಹತ್ತನ್ನೂ ತನ್ನ ಸ್ವರದಲ್ಲಿ ರೆಕಾರ್ಡ್ ಮಾಡಿ ಕೊಟ್ಟಳು. ಬಚ್ಚ ಒಂದು ಸಲ ಒತ್ತಿ ಕೇಳಿ ಫೋನನ್ನು ದೂರ ತಳ್ಳಿದ. "ಮಗಳ್ ಸ್ವರದಲ್ ನಾ ಹೆಂಡ್ತಿ ಕರೂದಾ?" ಎಂದು ಬರೆದ. ಇಡೀ ಬಂದರಿಗೆ ಕೇಳುವ ಹಾಗೆ ಕೂಗಿದವನು ಚಪ್ಪಾಳೆಗೆ ಇಳಿದ. ಒಂದು ಹೊಡೆದರೆ ಇಲ್ಲಿ ಬಾ, ಎರಡಕ್ಕೆ ಚಾ, ಬಿಡದೆ ಹೊಡೆದರೆ ಓಡಿ ಬಾ. ವನಜ ಬೇಗ ಕಲಿತಳು.

ಹೀಗೆ ಎಂಟು ತಿಂಗಳು ನಡೆಯಿತು. ಜನವರಿಯ ಒಂದು ಬೆಳಿಗ್ಗೆ ಚೇತನಾ ಕುಂದಾಪುರದ ಬಸ್ಸು ಹತ್ತಿದ ಮೇಲೆ ಬಚ್ಚನ ಉಸಿರಿನ ತೂತಿಗೆ ಕಫ ಕಟ್ಟಿಕೊಂಡಿತು. ಎರಡು ಸಲ ತಟ್ಟಿದ. ಮುಂದಕ್ಕೆ ಕೈಯಲ್ಲಿ ಬಲ ಇರಲಿಲ್ಲವೇನೋ. "ಹ್ಞಾ, ಚಾ ಇಡ್ತೆ," ಎಂದು ವನಜ ಅಡುಗೆಮನೆಗೆ ಹೋದಳು. ಚಾ ತಂದು ಅವನ ಕೈ ಹುಡುಕಿದಾಗ ಕೈ ಕುರ್ಚಿಯಿಂದ ಕೆಳಗೆ ಜೋತುಬಿದ್ದಿತ್ತು.

ತಕ್ಷಣ ಬಂದಿದ್ದರೂ ಕಣ್ಣಿಲ್ಲದ ಹೆಂಗಸಿಗೆ ಏನೂ ಮಾಡಲಾಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಚೇತನಾ ಅದನ್ನು ನಂಬಲಿಲ್ಲ. ಆ ಕಂಪ್ಯೂಟರಿನ ವೇಗವನ್ನು ಕಂಪನಿ ಇಟ್ಟಲ್ಲಿಗೇ ಇಳಿಸಿದ್ದಾಳೆ, ಸ್ಟುಡಿಯೊಕ್ಕೆ ಹೋಗಿ ಬರುತ್ತಾಳೆ. ಮನೆಗೆ ಯಾರೇ ಬಂದರೂ ವನಜ ಅವರ ಕೈ ಹಿಡಿದುಕೊಂಡು ಹೇಳುತ್ತಾಳೆ: "ನಂಗ್ ಕೇಂಡದ್ದ್ ಎರ್ಡೇ ಚಪ್ಪಾಳೆ. ದೇವ್ರಾಣೆ, ಎರ್ಡೇ." ಚೇತನಾ ಪಕ್ಕದಲ್ಲೇ ಕೂತಿರುತ್ತಾಳೆ. ತಪ್ಪು ನಿನ್ನದಲ್ಲ ಎಂದು ಅಮ್ಮನಿಗೆ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದಾಳೆ. ಹಾಗೆ ಹೇಳಿದರೆ ಯಾರದು ಎಂಬುದನ್ನೂ ಹೇಳಬೇಕಾಗುತ್ತದೆ.