ಪ್ಲೇಟಮ್ಮನನ್ನು ಕಾಣಲು ಮೂಡಿಗೆರೆಗೆ

ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಒಂಬತ್ತನೆಯ ದಿನ ಬೆಳಿಗ್ಗೆ ಏಳು ಗಂಟೆಗೆ ನಾನೂ ನಮ್ಮತ್ತೆಯೂ ಕಳಸದಲ್ಲಿ ಬಸ್ಸು ಹತ್ತಿದೆವು. ತೋಟದಿಂದ ಅಲ್ಲಿಗೆ ಎರಡು ಮೈಲಿ ನಡಿಗೆ. ದಾರಿಯುದ್ದಕ್ಕೂ ಕಾಫಿ ಗಿಡಗಳು ಬೆಳ್ಳಗೆ ಹೂ ಹೊತ್ತು ನಿಂತಿದ್ದವು. ಆ ವಾಸನೆಗೆ ತಲೆ ಹಗುರಾಗಿ ಕೈಯಲ್ಲಿದ್ದ ಬಟ್ಟೆಗಂಟೂ ಭಾರವೆನಿಸಲಿಲ್ಲ. ಹೂ ಬಿಟ್ಟ ಮೂರು ನಾಲ್ಕು ದಿನ ತೋಟದೊಳಗೆ ಆಳುಗಳನ್ನು ಇಳಿಸುವುದಿಲ್ಲ, ಗಿಡ ಅಲ್ಲಾಡಿದರೆ ಕಾಯಿ ಕಚ್ಚುವುದಿಲ್ಲ ಅನ್ನುತ್ತಾರೆ. ತೋಟದ ಲೆಕ್ಕ ಬರೆಯುವ ರೈಟರಾದ ನನ್ನ ಯಜಮಾನರಿಗೆ ವರ್ಷದಲ್ಲಿ ಅದೊಂದೇ ಬಿಡುವು. ಅದಕ್ಕೇ ಮಗನನ್ನು ಅವರ ಪಾಲಿಗೆ ಬಿಟ್ಟು ನಾವಿಬ್ಬರೇ ಹೊರಡಲು ಸಾಧ್ಯವಾಯಿತು.

ಮೂಡಿಗೆರೆ ಹತ್ತಿರ ಒಂದು ಮದುವೆಗೆ ಹೋಗುತ್ತೇವೆ ಅಂತ ಅಕ್ಕಪಕ್ಕದವರಿಗೆ ಹೇಳಿದ್ದೆವು. ಸುಳ್ಳೇನಲ್ಲ, ಅತ್ತೆಯ ತವರಿನ ಕಡೆಯ ನೆಂಟರ ಮನೆಯ ಮದುವೆ ಅದು. ಆದರೆ ಮದುಮಗಳ ಹೆಸರು ಏನೆಂದು ಅತ್ತೆಯನ್ನು ಯಾರಾದರೂ ಕೇಳಿದ್ದರೆ ಸಿಕ್ಕಿಬೀಳುತ್ತಿದ್ದರು. ಅವರು ಹೊರಟದ್ದು ಪ್ಲೇಟಮ್ಮನನ್ನು ಕಾಣಲು. ಮದುವೆಯ ಮಧ್ಯಾಹ್ನ ಮೂರು ಗಂಟೆಗೆ ಆಕೆಯ ಸಂಗೀತ ಕಛೇರಿ ಇದೆಯೆಂದು ಮದುವೆಯ ಕರೆಯ ಕಾಗದದಲ್ಲಿ ಬರೆದಿತ್ತು.

ಪ್ಲೇಟಮ್ಮ ಯಾರೆಂದು ಹೇಳಬೇಕು. ಎಂಟು ವರ್ಷದ ಹಿಂದೆ ನಮ್ಮ ತೋಟದ ಇಂಗ್ಲಿಷ್ ದೊರೆ ಸೀಮೆಗೆ ವಾಪಸು ಹೋಗುವಾಗ ತಮ್ಮ ಗ್ರಾಮಫೋನ್ ಪೆಟ್ಟಿಗೆಯನ್ನು ಯಜಮಾನರಿಗೆ ಕೊಟ್ಟು ಹೋದರು. ಯಜಮಾನರು ಚಿಕ್ಕಮಗಳೂರಿನಿಂದ ಒಂದೇ ಒಂದು ಕನ್ನಡ ಪ್ಲೇಟು ತಂದರು. ತಾಯಿಯೊಬ್ಬಳು ಆಟಕ್ಕೆ ಹೋದ ಮಗುವನ್ನು ಊಟಕ್ಕೆ ಕರೆಯುವ ಹಾಡು ಅದರಲ್ಲಿತ್ತು. ಹಾಡಿದವರ ಹೆಸರು ನಡುವಿನ ಕಾಗದದ ಮೇಲೆ ಅಚ್ಚಾಗಿತ್ತು, ಆದರೆ ನಮ್ಮ ಮನೆಯಲ್ಲಿ ಯಾರೂ ಆ ಹೆಸರು ಹಿಡಿದು ಹೇಳಿದ್ದಿಲ್ಲ. ಪ್ಲೇಟಮ್ಮ ಅಂದರೆ ಪ್ಲೇಟಮ್ಮ.

ಅತ್ತೆಯೂ ಹಾಡುವವರೇ. ಮದುಮಕ್ಕಳನ್ನು ಹಸೆಗೆ ಕೂರಿಸುವಾಗ ಹಾಡಲು ಸುತ್ತಿನ ಊರುಗಳಿಂದ ಅವರಿಗೆ ಕರೆ ಬರುತ್ತಿತ್ತು. ಪ್ಲೇಟು ಬಂದ ಹೊಸತರಲ್ಲಿ ಅದರ ಜೊತೆಗೇ ಹಾಡುತ್ತಿದ್ದರು. ನಾನಾಗ ಆ ಮನೆಗೆ ಬಂದು ಒಂದು ವರ್ಷವಾಗಿತ್ತು, ಎರಡು ದನಿ ಒಂದಾಗುವುದನ್ನು ಒಲೆಯ ಮುಂದೆ ಕೂತು ಕೇಳುತ್ತಿದ್ದೆ. ಬರಬರುತ್ತ ಅತ್ತೆಗೆ ಪ್ಲೇಟಮ್ಮನ ಶ್ರುತಿ ಎಟುಕದಾಯಿತು. ಹಾಡಿನ ನಡುವೆ ದನಿ ಒಂದು ಕಡೆ ಮೇಲೇರುತ್ತದೆ, ಅಲ್ಲಿ ಅವರ ಗಂಟಲು ಒಡೆಯುತ್ತಿತ್ತು. "ವಯಸ್ಸಾಯ್ತು ಕಣೆ," ಅಂದರು. ಕೆಲವು ತಿಂಗಳಲ್ಲಿ ಹಾಡುವುದನ್ನೇ ಬಿಟ್ಟರು. ಪ್ಲೇಟಿನ ಜೊತೆಗೆ ಮಾತ್ರವಲ್ಲ, ಎಲ್ಲಿಯೂ ಹಾಡಲಿಲ್ಲ. ಸ್ವಂತ ಮಗಳು ಗಿರಿಜೆಯ ಮದುವೆಯಲ್ಲಿ ಬೇರೆ ಹೆಂಗಸರು ಹಸೆಹಾಡು ಹೇಳುತ್ತಿದ್ದರೆ ಅತ್ತೆ ಅಡಿಗೆಮನೆಯಲ್ಲಿ ಕಾಯಿ ತುರಿಯುತ್ತ ಕೂತಿದ್ದರು. ಆದರೆ ಪ್ಲೇಟನ್ನು ಮಾತ್ರ ಬಿಡಲಿಲ್ಲ, ದಿನಾ ಸಂಜೆ ನಾಲ್ಕು ಸಲ ಕೇಳಲೇಬೇಕು. ಯುದ್ಧ ಬಂದು ಪೆಟ್ಟಿಗೆಗೆ ಹೊಸ ಮುಳ್ಳು ಸಿಗದಾದಾಗ ಯಜಮಾನರು ಹಳೆಯ ಮುಳ್ಳುಗಳನ್ನೇ ಸಾಣೆಕಲ್ಲಿಗೆ ಮಸೆದು ಕೊಡುತ್ತಿದ್ದರು.

"ಆ ಏರನ್ನ ಎಲ್ಲಿಂದ ತೆಗೀತಾಳೆ ಅಂತ ಒಂದ್ಸಲ ಕಣ್ಣಾರೆ ನೋಡ್ಬೇಕು," ಅಂದರು ಅತ್ತೆ ಬಸ್ಸಿನಲ್ಲಿ. "ನೋಡಿದ್ರೆ ಸಮಾಧಾನ ಆಗ್ತದೆ. ನಮ್ಮದಲ್ಲದ್ದು ನಮ್ಮದಲ್ಲ ಅಂತ."

ಬಸ್ಸು ಇದ್ದಿಲಿನ ಅನಿಲದಲ್ಲಿ ಓಡುವಂಥದು. ಪೆಟ್ರೋಲು ಯುದ್ಧಕ್ಕೆ ಹೋಗುತ್ತಿತ್ತು, ನಮಗೆ ಉಳಿದದ್ದು ಹಿಂಬದಿಗೆ ಒಲೆ ಕಟ್ಟಿಕೊಂಡ ಈ ಬಸ್ಸು. ಹೊರಡುವ ಮೊದಲು ಕ್ಲೀನರ್ ಆ ಒಲೆ ಹೊತ್ತಿಸಲು ಅರ್ಧ ಗಂಟೆ ಗಾಳಿಚಕ್ರ ತಿರುಗಿಸಿದ. ಟಿಕೆಟ್ಟು ತಲೆಗೆ ಒಂದು ರೂಪಾಯಿ, ನಡೆದುಕೊಂಡು ಹೋದರೆ ಇದಕ್ಕಿಂತ ಬೇಗ ತಲುಪಬಹುದು ಅಂತ ನಾನು ಗೊಣಗಿದೆ. ನನ್ನದು ಹುಟ್ಟಿನಿಂದಲೇ ಅವಸರದ ಸ್ವಭಾವ. ಅತ್ತೆ ಕಿಟಕಿಯ ಆಚೆ ನೋಡುತ್ತ, "ನಿಂಗೆ ಎಲ್ಲ ಬೇಗ ಮುಗೀಬೇಕು ಮಾರಾಯ್ತಿ," ಅಂದರು.

ಮಳೆ ಎಲ್ಲ ಕಡೆ ಒಂದೇ ದಿನ ಬಿದ್ದಿರಲಿಲ್ಲ. ಒಂದು ತೋಟ ಪೂರಾ ಬಿಳಿ, ಮುಂದಿನ ತಿರುವಿನಲ್ಲಿ ಬರೀ ಹಸಿರು ಮೊಗ್ಗು, ಅದರ ಮುಂದೆ ಬಾಡಿ ಕಂದಾದ ಹೂ. ವಾಸನೆ ಬರುತ್ತಿತ್ತು, ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಬಸ್ಸಿನ ಅರ್ಧ ಜನ ತೂಕಡಿಸುತ್ತಿದ್ದರು. ನಾನೂ ಕಣ್ಣು ಮುಚ್ಚಿದೆ. ಎಚ್ಚರವೋ ನಿದ್ದೆಯೋ ತಿಳಿಯದ ಹಾಗೆ ಜೇನುನೊಣದ ಸದ್ದು, ಬಸ್ಸಿನ ಸದ್ದು ಎರಡೂ ಒಂದಾಗಿ ಕೇಳುತ್ತಿದ್ದವು.

ಕೊಟ್ಟಿಗೆಹಾರದಲ್ಲಿ ಬಸ್ಸು ಒಂದು ಗಂಟೆ ನಿಂತಿತು. ಸಕ್ಕರೆ ಇರಲಿಲ್ಲ, ಬೆಲ್ಲದ ಕಾಫಿ ಕೊಟ್ಟರು. ನಾವು ತಂದಿದ್ದ ಅಕ್ಕಿರೊಟ್ಟಿ, ಕಾಯಿಚಟ್ನಿ ಬಿಚ್ಚಿದೆವು. ದೇವರಮನೆ ಗುಡ್ಡದ ಕಡೆಯಿಂದ ಮಂಜು ಇಳಿದು ರಸ್ತೆಯ ಮೇಲೆ ಹಾದುಹೋಯಿತು, ಎದುರಿನ ಅಂಗಡಿ ಸ್ವಲ್ಪ ಹೊತ್ತು ಕಾಣದಾಗಿ ಮತ್ತೆ ಕಂಡಿತು. ಪ್ಲೇಟಮ್ಮ ಹೇಗಿರಬಹುದು ಎಂದು ಅತ್ತೆಯನ್ನು ಕೇಳಿದೆ. "ಸಣ್ಣ ಹುಡುಗಿ. ಹದಿನೆಂಟು ಇಪ್ಪತ್ತು ಇರ್ಬೋದು. ತೆಳ್ಳಗೆ, ಎರಡು ಜಡೆ," ಅಂದರು, ನೋಡಿ ಬಂದವರ ಹಾಗೆ. ಎಂಟು ವರ್ಷದಲ್ಲಿ ಅವಳಿಗೂ ವಯಸ್ಸಾಗಿರುತ್ತದೆ ಅನ್ನುವುದು ಇಬ್ಬರಿಗೂ ಹೊಳೆಯಲಿಲ್ಲ.

ಮೂಡಿಗೆರೆ ತಲುಪಿದಾಗ ಮಧ್ಯಾಹ್ನ ಎರಡು ಗಂಟೆ. ಮದುವೆ ಮನೆಯ ಕಮಾನುಗಾಡಿ ಕಾದಿತ್ತು. ಮೂರು ಮೈಲಿ ಗಾಡಿಯಲ್ಲಿ ಹೋಗಿ ಆ ದಿನ ಅಲ್ಲಿಯೇ ಉಳಿದೆವು.

ಮಾರನೆಯ ದಿನ ಹತ್ತಕ್ಕೆ ಮುಹೂರ್ತ. ಹಸೆಯ ಹೊತ್ತಿಗೆ ಹಳೆಯ ಪರಿಚಯದ ಹೆಂಗಸೊಬ್ಬರು ಅತ್ತೆಯ ಕೈ ಹಿಡಿದು, "ನೀವು ಬಂದೂ ಹಾಡದೆ ಇದ್ರೆ ಹೆಂಗೆ?" ಅಂದರು. ಅತ್ತೆ ಗಂಟಲು ಮುಟ್ಟಿ ತೋರಿಸಿ ಹಿಂದೆ ಸರಿದರು. ಊಟಕ್ಕೆ ಎಳೆ ಹಲಸಿನಕಾಯಿ ಹುಳಿ, ಕಡುಬು, ಪಾಯಸ. ಅತ್ತೆ ಪಾಯಸವನ್ನೂ ಬಿಟ್ಟು ಎದ್ದು ಚಪ್ಪರದಲ್ಲಿ ಮುಂದಿನ ಸಾಲಿನ ಚಾಪೆ ಹಿಡಿದರು.

ಮೂರು ಗಂಟೆಗೆ ತಂಬೂರಿ ಹಿಡಿದ ಒಬ್ಬಳು, ಪಿಟೀಲಿನವರು, ಮೃದಂಗದವರು ಬಂದು ಕೂತರು. ಅವರ ಹಿಂದೆ ಕನ್ನಡಕ ಹಾಕಿದ, ದಪ್ಪ ಮೈಯ, ಐವತ್ತರ ಆಸುಪಾಸಿನ ಹೆಂಗಸೊಬ್ಬರು ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ವೇದಿಕೆ ಹತ್ತಿದರು. ಅತ್ತೆ ಅವರ ಬೆನ್ನ ಹಿಂದೆ ಯಾರು ಬರುತ್ತಾರೋ ಎಂದು ಕತ್ತು ಚಾಚಿದರು. ಯಾರೂ ಬರಲಿಲ್ಲ. ಆ ಹೆಂಗಸು ನಡುವೆ ಕೂತು ಹಾಡಲು ಶುರುಮಾಡಿದರು.

ದನಿ ತಗ್ಗಿನದು, ಅಗಲವಾದದ್ದು. ಅತ್ತೆ ನನ್ನ ಕಿವಿಗೆ ಬಾಗಿ, "ಇವಳಲ್ಲ ಮಾರಾಯ್ತಿ. ಪ್ಲೇಟಮ್ಮ ಇವಳ ಮಗಳು ಇರ್ಬೇಕು. ಹುಷಾರಿಲ್ಲ ಅಂತ ಅಮ್ಮನ್ನ ಕಳ್ಸಿದಾರೆ," ಅಂದರು. ಅವರ ಮುಖ ಸಣ್ಣದಾಗಿತ್ತು. ಒಂದು ಹಗಲಿನ ದಾರಿ, ಎಂಟು ವರ್ಷದ ಆಸೆ.

ಒಂದು ಗಂಟೆ ಕಳೆದ ಮೇಲೆ ಗಂಡಿನ ಕಡೆಯವರು ಪ್ಲೇಟಿನ ಹಾಡು ಬೇಕೆಂದು ಚೀಟಿ ಕಳಿಸಿದರು. ಆಕೆ ನಕ್ಕು, ನೀರು ಕುಡಿದು, ಅದನ್ನೇ ಎತ್ತಿಕೊಂಡರು. ಪೆಟ್ಟಿಗೆಯಲ್ಲಿ ಮೂರು ನಿಮಿಷದೊಳಗೆ ಮುಗಿಯುತ್ತಿದ್ದ ಹಾಡು ಇಲ್ಲಿ ಮುಗಿಯುವ ಲಕ್ಷಣವೇ ಇರಲಿಲ್ಲ. ತಾಯಿ ಬಾಗಿಲಿಗೆ ಬಂದು ಕರೆದಳು, ಅಂಗಳಕ್ಕೆ ಇಳಿದು ಕರೆದಳು, ಬೇಲಿಯ ತನಕ ಹೋಗಿ ಕರೆದಳು. ಚಪ್ಪರದ ಸೋಗೆಯ ಸಂದಿಯಿಂದ ಇಳಿಬಿಸಿಲು ಬಿದ್ದಿತ್ತು, ತೋಟದ ಕಡೆಯಿಂದ ಹೂವಿನ ವಾಸನೆ ಬರುತ್ತಿತ್ತು. ನಾನು ಎಲ್ಲಿದ್ದೇನೆ ಅನ್ನುವುದೇ ಮರೆತಿತ್ತು.

ಏರು ಬಂತು. ಆಕೆಯ ದನಿ ಆಯಾಸವಿಲ್ಲದೆ ಮೇಲೆ ಹೋಯಿತು. ಆಗ ನನ್ನ ಭುಜದ ಹತ್ತಿರ ಇನ್ನೊಂದು ದನಿ, ಬಹಳ ಮೆಲ್ಲಗೆ, ಅದೇ ಎತ್ತರದಲ್ಲಿ ಕೇಳಿಸಿತು. ಅತ್ತೆ ಹಾಡುತ್ತಿದ್ದರು. ಗಂಟಲು ಒಡೆಯಲಿಲ್ಲ. ಅವರಿಗೇ ಗಾಬರಿಯಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಆ ಕ್ಷಣದಲ್ಲಿ ನನಗೆ ನೆನಪಾದದ್ದು ಪೆಟ್ಟಿಗೆಯ ಪಕ್ಕದ ಒಂದು ಸಣ್ಣ ತಿರುಪು. ಪ್ಲೇಟು ಬಂದ ವರ್ಷ ನನ್ನ ಮಗ ಕೈಗೂಸು. ಸಂಜೆ ಒಲೆಯ ಮೇಲೆ ಅನ್ನ, ತೊಟ್ಟಿಲಲ್ಲಿ ಮಗು, ಅತ್ತೆಗೆ ನಾಲ್ಕು ಸಲ ಹಾಡು, ಪೆಟ್ಟಿಗೆಗೆ ಕೀ ಕೊಡುವವಳು ನಾನೊಬ್ಬಳೇ. ಆ ತಿರುಪನ್ನು ಒಂದಿಷ್ಟು ತಿರುಗಿಸಿದರೆ ಪ್ಲೇಟು ಬೇಗ ಸುತ್ತಿ ಹಾಡು ಬೇಗ ಮುಗಿಯುತ್ತದೆ ಅಂತ ಒಂದು ದಿನ ಕಂಡುಕೊಂಡೆ. ಒಮ್ಮೆಗೇ ತಿರುಗಿಸಿದರೆ ತಿಳಿಯುತ್ತದೆಂದು ದಿನಕ್ಕೆ ಎಳ್ಳಿನಷ್ಟು ತಿರುಗಿಸಿದೆ. ಆಮೇಲೆ ಮರೆತೂಬಿಟ್ಟೆ. ಬೇಗ ಸುತ್ತಿದ ಹಾಗೆಲ್ಲ ದನಿಯೂ ಮೇಲೇರುತ್ತಿತ್ತು ಅನ್ನುವುದನ್ನು ನಾನು ಯೋಚಿಸಲೇ ಇಲ್ಲ. ಅತ್ತೆ ಮಾತ್ರ ಅದರ ಹಿಂದೆ ಏರಲು ನೋಡಿ ನೋಡಿ ಸೋತಿದ್ದರು.

ದೀಪ ಹಚ್ಚುವ ಹೊತ್ತಿಗೆ ಕಛೇರಿ ಮುಗಿಯಿತು. ತಾಂಬೂಲ ಕೊಡುವ ನೆಪದಲ್ಲಿ ಅತ್ತೆ ವೇದಿಕೆಯ ಹತ್ತಿರ ಹೋಗಿ ನೇರವಾಗಿ ಕೇಳಿದರು: "ಪ್ಲೇಟಲ್ಲಿ ಹಾಡಿದ್ದು ನೀವೇನಾ? ನಮ್ಮನೇಲಿ ಅದು ಸಣ್ಣ ಹುಡುಗಿ ದನಿ."

ಆಕೆ ಜೋರಾಗಿ ನಕ್ಕರು. "ನಾನೇ ತಾಯಿ. ಆಗಲೂ ನನಗೆ ನಲವತ್ತು ದಾಟಿತ್ತು. ಪೆಟ್ಟಿಗೆಯವರು ಓಡಿಸಿದ ಹಾಗೆ ನಾವು. ಒಂದೂರಲ್ಲಿ ಗಂಡಸಾಗ್ತೀನಿ, ಒಂದೂರಲ್ಲಿ ಮಗು ಆಗ್ತೀನಿ. ಪಕ್ಕದಲ್ಲಿ ಒಂದು ತಿರುಪು ಇರತ್ತೆ, ನೋಡಿ."

ಅತ್ತೆ ನನ್ನ ಕಡೆ ತಿರುಗಿ, "ತಿರುಪು ಇದ್ಯಾ ಕಣೆ ನಮ್ಮದ್ರಲ್ಲಿ?" ಅಂದರು. "ನೋಡ್ಬೇಕು ಅತ್ತೆ," ಅಂದೆ. ಹೇಡಿ ನಾನು.

ಮೂರನೆಯ ದಿನ ಬೆಳಿಗ್ಗೆ ಮೂಡಿಗೆರೆಯಿಂದ ಅದೇ ಬಸ್ಸು. ಬಣಕಲ್ ದಾಟುವವರೆಗೂ ಅತ್ತೆ ಬಾಯಿತುಂಬ ಪ್ಲೇಟಮ್ಮನ ಮಾತೇ ಆಡಿದರು. ಕೊಟ್ಟಿಗೆಹಾರ ಬಿಟ್ಟ ಮೇಲಿನ ಒಂದು ಏರಿನಲ್ಲಿ ಬಸ್ಸು ಉಸಿರು ಬಿಟ್ಟಿತು. "ಎಲ್ಲ ಸ್ವಲ್ಪ ಇಳ್ಕೊಳ್ಳಿ, ಮೇಲೆ ಕಾಯ್ತೀನಿ," ಅಂದರು ಡ್ರೈವರ್ ಸಾಬರು. ಖಾಲಿ ಬಸ್ಸು ಹೊಗೆ ಬಿಡುತ್ತ ಮುಂದೆ ಹೋಯಿತು, ನಾವೆಲ್ಲ ಹಿಂದೆ ನಡೆದೆವು. ಎರಡೂ ಕಡೆ ಆ ದಿನವೇ ಬಿರಿದ ತೋಟ. ಇನ್ನು ತಡೆಯಲು ನನ್ನಿಂದಾಗಲಿಲ್ಲ.

"ಅತ್ತೆ, ಆ ತಿರುಪು ತಿರುಗ್ಸಿದ್ದು ನಾನೇ."

ಅವರು ಹತ್ತು ಹೆಜ್ಜೆ ಹಾಗೇ ನಡೆದರು. "ಎಂತಕ್ಕೆ?"

"ಬೇಗ ಮುಗೀಲಿ ಅಂತ."

ಅತ್ತೆ ನಿಂತರು. ನನ್ನನ್ನು ನೋಡಲಿಲ್ಲ, ಹೂವಿನ ಕಡೆ ನೋಡಿದರು. "ನಾನು ಮುದುಕಿಯಾದೆ ಅಂದ್ಕೊಂಡೆ," ಅಂದರು. ಮತ್ತೆ ನಡೆಯುತ್ತ ಹೇಳಿದರು: "ಗಿರಿಜೆಗೆ ನೀನೇ ಹೇಳು. ಅವಳ ಹಸೆಗೆ ನಾನ್ಯಾಕೆ ಹಾಡ್ಲಿಲ್ಲ ಅಂತ. ನಂಗೆ ಹೇಳಕ್ಕಾಗಲ್ಲ."

ಬಸ್ಸು ಹತ್ತಿದಾಗ ಅವರು ನನ್ನ ಪಕ್ಕ ಕೂರಲಿಲ್ಲ. ಮುಂದೆ ಯಾರೋ ಹೆಂಗಸಿನ ಜೊತೆ ಕೂತರು. ಕಳಸದವರೆಗೆ ಅವರ ಬೆನ್ನು ನೋಡುತ್ತ ಬಂದೆ. ಅಳು ಬಂತು, ಅಳುವುದಕ್ಕೂ ನಾಚಿಕೆಯಾಯಿತು. ಬಸ್ಸು ಇನ್ನಷ್ಟು ನಿಧಾನ ಹೋಗಲಿ, ಮನೆ ಬಾರದೇ ಇರಲಿ ಅಂತ ಜೀವನದಲ್ಲಿ ಮೊದಲ ಸಲ ಅನ್ನಿಸಿತು. ನಮ್ಮ ತೋಟದ ಹೂ ಆಗಲೇ ಕಂದಾಗಿತ್ತು.

ಮನೆಗೆ ಬಂದು ಕಾಲು ತೊಳೆದು ಅನ್ನಕ್ಕಿಟ್ಟೆ. ಹೊರಗಿನ್ನೂ ಬೆಳಕಿತ್ತು. ಜಗಲಿಯಿಂದ ಅತ್ತೆಯ ದನಿ ಬಂತು: "ಪೆಟ್ಟಿಗೆ ತಗಂಡು ಬಾ."

ತಿರುಪಿನ ಪಕ್ಕದಲ್ಲಿ ದೊರೆಯ ಕಾಲದಲ್ಲಿ ಸರಿಯಾದ ವೇಗಕ್ಕೆ ಗುರುತು ಹಾಕಿದ ಒಂದು ಗೀರು ಇತ್ತು, ಅಲ್ಲಿಯ ತನಕ ಹಿಂದಕ್ಕೆ ತಿರುಗಿಸಿದೆ. ಕೀ ಕೊಟ್ಟೆ. ಚಪ್ಪರದಲ್ಲಿ ಕೇಳಿದ ಅಗಲದ ದನಿಯೇ ನಮ್ಮ ಜಗಲಿಗೆ ಬಂತು. ಅತ್ತೆ ಕಣ್ಣು ಮುಚ್ಚಿ ಕೇಳಿ, ಮುಗಿದ ಮೇಲೆ, "ಆ ಹುಡುಗಿ?" ಅಂದರು.

"ಹೋದ್ಲು ಅತ್ತೆ."

"ಎಂಟು ವರ್ಷ ಈ ಮನೇಲಿದ್ಲು. ಒಂದ್ಸಲ ಕರಿ ಅವಳನ್ನ."

ತಿರುಪನ್ನು ಮತ್ತೆ ಮೇಲಕ್ಕೆ ತಂದೆ. ಸಣ್ಣ ಹುಡುಗಿ ಬಂದು ಅವಸರವಾಗಿ ಹಾಡಿ ಮುಗಿಸಿದಳು. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಸಾಕು. ಇನ್ನು ಕಳ್ಸು," ಅಂದರು.

ಮೂರನೆಯ ಸಲ, ಗೀರಿನ ಶ್ರುತಿಗೆ, ಅತ್ತೆ ಜೊತೆಗೂಡಿ ಹಾಡಿದರು. ಏರಿನಲ್ಲಿ ದನಿ ಸ್ವಲ್ಪ ನಡುಗಿತು, ಒಡೆಯಲಿಲ್ಲ. ಮುಗಿದಾಗ ನನ್ನ ಮುಖ ನೋಡಿ, "ಇನ್ನೊಂದ್ಸಲ," ಅಂದರು.

ಒಳಗಿನಿಂದ ಅನ್ನ ಸೀದ ವಾಸನೆ ಬರುತ್ತಿತ್ತು. ನಾನು ಏಳಲಿಲ್ಲ, ಕೀ ಕೊಟ್ಟೆ.