ಹೂ ಬಿಡಲು ನಾಲ್ಕು ವರ್ಷ

ಬಟ್ಟೆಗೆ ಕತ್ತರಿ ಹಾಕುವಾಗ ಅವಳ ಕೈ ತಡವರಿಸಿದ್ದನ್ನು ಬೀದಿಯಲ್ಲಿ ಯಾರೂ ಕಂಡವರಿಲ್ಲ. "ತೋಳು ಉದ್ದ ಇರಲಾ, ಗಿಡ್ಡ ಇರಲಾ, ಸ್ವಲ್ಪ ಯೋಚನೆ ಮಾಡಿ ಹೇಳ್ತೀನಿ" ಎಂದು ಗಿರಾಕಿ ರಾಗ ಎಳೆಯುವಷ್ಟರಲ್ಲಿ ತೋಳು ಕತ್ತರಿಸಿ ಮೇಜಿನ ಮೇಲೆ ಬಿದ್ದಿರುತ್ತಿತ್ತು. ಮೀನಮೇಷ ಎಣಿಸುವವರನ್ನು ಕಂಡರೆ ಅವಳಿಗೆ ಆಗದು. ಬೀದಿಯವರು ಕತ್ತರಿ ಅಕ್ಕ ಎಂದು ಹೆಸರಿಟ್ಟಿದ್ದು ಅವಳ ಕಸುಬು ನೋಡಿಯೋ ನಾಲಿಗೆ ನೋಡಿಯೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಅಂಥ ಕತ್ತರಿ ಅಕ್ಕ ಒಂದು ಸೋಮವಾರ ನರ್ಸರಿಯಲ್ಲಿ ಗಿಡಗಳ ನಡುವೆ ಎರಡು ಗಂಟೆ ಸುತ್ತಾಡಿ, ಬರಿಗೈಯಲ್ಲಿ ಮನೆಗೆ ಬಂದಳು.

ಆದದ್ದಿಷ್ಟು. ಅವಳ ಯಜಮಾನರು ಮೂವತ್ತೆರಡು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಎರಡು ತಿಂಗಳಾದರೂ ಕೆಮ್ಮು ಬಿಡದಿದ್ದಾಗ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಎದೆಯೊಳಗೆ ಒಂದು ಗಂಟು ಕಂಡಿತು. ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಿ, "ರಿಪೋರ್ಟ್ ಶುಕ್ರವಾರ ಬರುತ್ತೆ. ಅಲ್ಲೀವರೆಗೂ ಸುಮ್ನೆ ತಲೆ ಕೆಡಿಸ್ಕೋಬೇಡಿ" ಎಂದರು ಡಾಕ್ಟರು. ಹೇಳುವವರಿಗೇನು, ಹೇಳಿದರು. ಅಂದಿನಿಂದ ಅಕ್ಕನಿಗೆ ಫೋನ್ ಬಡಿದುಕೊಂಡರೆ ಸಾಕು, ಸೂಜಿ ಬೆರಳಿಗೆ ಚುಚ್ಚುತ್ತಿತ್ತು. ರಾತ್ರಿ ಅವರು ಕೆಮ್ಮಿದರೆ ಹೆದರಿಕೆ, ಕೆಮ್ಮದಿದ್ದರೆ ಇನ್ನೂ ಹೆದರಿಕೆ.

ಯಜಮಾನರು ಮುಂದಿನ ಕೋಣೆಯ ಕಿಟಕಿಯ ಪಕ್ಕಕ್ಕೆ ಮಂಚ ಎಳೆಸಿಕೊಂಡು, ಹೊರಗೆ ನೋಡುತ್ತ ಮಲಗಿರುತ್ತಿದ್ದರು. ನೋಡಲಿಕ್ಕೆ ಅಲ್ಲೇನಿತ್ತು? ಗೇಟಿನಿಂದ ಬಾಗಿಲವರೆಗೆ ಹತ್ತಡಿ ಬೋಳು ನೆಲ. ಆಯಸ್ಸೆಲ್ಲ ಬಾಡಿಗೆಯ ಮಹಡಿ ಕೋಣೆಗಳಲ್ಲಿ ಕಳೆದ ದಂಪತಿಗೆ ಸ್ವಂತದ್ದು ಅಂತ ಒಂದಿಷ್ಟು ಮಣ್ಣು ಸಿಕ್ಕಿ ಇನ್ನೂ ವರ್ಷವಾಗಿರಲಿಲ್ಲ.

"ಇಲ್ಲಿ ಏನಾದ್ರೂ ಹಾಕೇ. ಮಲಗಿದ್ದಲ್ಲೇ ಹೂ ಕಾಣ್ಬೇಕು" ಎಂದರು ಯಜಮಾನರು. ಶುಕ್ರವಾರದವರೆಗೆ ಕೈಗೊಂದು ಕೆಲಸವಾಯಿತೆಂದು ಅವಳು ಹೊರಟಳು.

ನರ್ಸರಿಯವನು ವಾಚಾಳಿ. ಗಿಡ ತೋರಿಸುವ ಮೊದಲು ಯಾರಿಗೇ ಆಗಲಿ ಮೂರು ಪ್ರಶ್ನೆ ಕೇಳುವುದು ಅವನ ಪದ್ಧತಿ. ಬಿಸಿಲು ಎಷ್ಟು ಹೊತ್ತು ಬೀಳುತ್ತೆ ಅಂದ, ಹೇಳಿದಳು. ಜಾಗ ಎಷ್ಟಿದೆ ಅಂದ. ಟೇಪು ಹಿಡಿದು ಬದುಕಿದವಳು, ಇಂಚಿನ ಲೆಕ್ಕದಲ್ಲಿ ಹೇಳಿದಳು.

"ಸರಿ. ಅವಸರ ಎಷ್ಟಿದೆ?"

"ಅಂದ್ರೆ?"

"ಹೂ ಯಾವಾಗ ಕಾಣ್ಬೇಕು ಅಂತಕ್ಕ. ಚೆಂಡುಹೂವು, ಜಿನಿಯಾ ಆದ್ರೆ ಮೊಗ್ಗಾಗೇ ಇದೆ, ಇವತ್ತು ನೆಟ್ರೆ ಮುಂದಿನ ವಾರ ಅರಳುತ್ತೆ. ಮೂರು ತಿಂಗಳಿಗೆ ಅದರ ಕತೆ ಮುಗೀತು. ದಾಸವಾಳಕ್ಕೆ ಆರು ತಿಂಗಳು ಅಂತಿಟ್ಕೊಳ್ಳಿ. ಇಗೋ, ಈ ದೇವಕಣಗಿಲೆ ನೋಡಿ, ನಾನೇ ಬೀಜದಿಂದ ಎಬ್ಬಿಸಿದ್ದು. ಸಣ್ಣ ಮರ, ನಿಮ್ಮ ಜಾಗಕ್ಕೆ ಹೇಳಿ ಮಾಡಿಸಿದ ಹಾಗಿರುತ್ತೆ. ಆದ್ರೆ ಹೂ ಬಿಡೋಕೆ ನಾಲ್ಕು ವರ್ಷ ಬೇಕು. ಬಿಳಿನೋ, ಹಳದಿನೋ, ಕೆಂಪೋ, ಅದೂ ಅರಳಿದಾಗಲೇ ಗೊತ್ತಾಗೋದು. ಬೀಜದ ಗಿಡ, ತಾಯಿ ಬಣ್ಣಾನೇ ಬರುತ್ತೆ ಅನ್ನೋ ಹಾಗಿಲ್ಲ."

ಮೊಳದುದ್ದದ ದಪ್ಪ ಕಡ್ಡಿ, ತುದಿಯಲ್ಲಿ ಐದು ಎಲೆ. ನೋಡಿದೊಡನೆ ಅಕ್ಕನಿಗೆ ಅದು ಹಿಡಿಸಿಬಿಟ್ಟಿತು. ಹಿಡಿಸಿದ್ದೇ ತೊಂದರೆಯಾಯಿತು. ನಾಲ್ಕು ವರ್ಷದ ಮೇಲೆ ಅದು ಅರಳಿ, ಕಿಟಕಿಯ ಪಕ್ಕದ ಮಂಚ ಖಾಲಿ ಇದ್ದರೆ? ಹೋಗಲಿ, ಮೂರು ತಿಂಗಳದ್ದನ್ನೇ ಕೊಡು ಅನ್ನೋಣವೆಂದರೆ ನಾಲಿಗೆ ಏಳಲಿಲ್ಲ. ತಾನು ಬಾಯಿಬಿಟ್ಟು ಹೇಳಿದರೆ ಅದೇ ನಿಜವಾಗಿಬಿಡುತ್ತದೆಂಬ ಭಯ. ಆ ಸಾಲಿನಿಂದ ಈ ಸಾಲಿಗೆ, ಈ ಸಾಲಿನಿಂದ ಆ ಸಾಲಿಗೆ ಅಲೆದು, ಕೊನೆಗೆ ಏನೂ ಕೊಳ್ಳದೆ ಹಿಂದಿರುಗಿದಳು.

"ಅಂಗಡಿ ಬಾಗಿಲು ಹಾಕಿತ್ತು ರೀ" ಎಂದಳು ಯಜಮಾನರಿಗೆ. ಕಳ್ಳನ ಮನಸ್ಸು ಹುಳ್ಳಗೆ. ಅವರು ಕೇಳದಿದ್ದರೂ "ಸೋಮವಾರ ರಜಾ ಅಂತೆ" ಎಂದೂ ಸೇರಿಸಿದಳು.

ಬುಧವಾರ ಬೆಳಿಗ್ಗೆ ಮತ್ತೆ ಹೋದವಳು ಯಾವ ಪ್ರಶ್ನೆಗೂ ಎಡೆ ಕೊಡಲಿಲ್ಲ. "ಯಾವ್ಯಾವುದು ಬೇಗ ಅರಳುತ್ತೋ ಎಲ್ಲಾ ಕೊಡಪ್ಪ" ಎಂದು ಎರಡು ಬುಟ್ಟಿ ಗಿಡ ತಂದು, ಸಂಜೆಯೊಳಗೆ ನೆಟ್ಟಳು. ಯಜಮಾನರು ಕಿಟಕಿಯಿಂದ ಎಲ್ಲವನ್ನೂ ನೋಡಿದರು.

"ಚೆನ್ನಾಗಿದೆ" ಎಂದರು. "ನಮ್ಮ ಡಿಪೋ ಮುಂದೆ ವರ್ಷಾವರ್ಷ ಇದನ್ನೇ ಹಾಕೋರು. ಎಲ್ಲಾ ಮೂರು ತಿಂಗಳ ಗಿಡ. ಯಾಕೆ, ಡಾಕ್ಟ್ರಿಗಿಂತ ಮುಂಚೆ ನೀನೇ ರಿಪೋರ್ಟ್ ಕೊಟ್ಟುಬಿಟ್ಯಾ?"

ತಮಾಷೆಗೇ ಅಂದದ್ದು. ಆದರೆ ಇಬ್ಬರಿಗೂ ನಗು ಬರಲಿಲ್ಲ. ಅಕ್ಕ ಮಣ್ಣಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಬಿಕ್ಕಿದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರ ಎದುರು ಅತ್ತದ್ದು ಅದೇ ಮೊದಲು.

"ನನಗೆ ಭಯ ಆಗ್ತಿದೆ ರೀ."

"ನನಗೇನು ಧೈರ್ಯ ಉಕ್ಕಿ ಹರೀತಿದೆಯಾ?" ಎಂದರು ಅವರು. "ಮುಖ ತೊಳ್ಕೋ ಹೋಗು, ಮೀಸೆ ಬಂದಿದೆ."

ಮುಖ ತೊಳೆದು ಬಂದು ಅವಳು ಸೋಮವಾರದ ಸುಳ್ಳನ್ನು ಒಪ್ಪಿಕೊಂಡಳು, ನಾಲ್ಕು ವರ್ಷದ ಗಿಡದ ಸುದ್ದಿಯನ್ನೂ ಹೇಳಿದಳು. ಬಣ್ಣದ ಮಾತು ಬಂದಾಗ ಅವರು ಮಂಚದ ಮೇಲೆ ಎದ್ದು ಕೂತರು. "ನೆಡುವಾಗ ಯಾರಿಗೂ ಗೊತ್ತಿರಲ್ವಾ? ಭಲೇ! ನಾಳೆ ನನ್ನೂ ಕರ್ಕೊಂಡು ಹೋಗು."

ಗುರುವಾರ ಆಟೋದಲ್ಲಿ ಹೋದರು. ನರ್ಸರಿಯವನು ಯಜಮಾನರನ್ನು ಹೊಸ ಗಿರಾಕಿಯೆಂದುಕೊಂಡು ತನ್ನ ಮೂರು ಪ್ರಶ್ನೆಗಳನ್ನು ಮೊದಲಿನಿಂದ ಶುರು ಮಾಡಿದ. ಮೂರನೆಯದು ಬರುತ್ತಿದ್ದಂತೆ ಅಕ್ಕ ನೆಲ ನೋಡಿದಳು.

"ಅವಸರವೇ ಅಪಘಾತಕ್ಕೆ ಕಾರಣ ಅಂತ ಬಸ್ಸಿನ ಮೇಲೆ ಬರೆಸ್ಕೊಂಡು ಮೂವತ್ತೆರಡು ವರ್ಷ ತಿರುಗಿದವನಪ್ಪ ನಾನು" ಎಂದರು ಅವರು. "ನನಗೆಲ್ಲಿ ಅವಸರ? ಆ ಕಡ್ಡಿ ಕೊಡು."

ದಾರಿಯುದ್ದಕ್ಕೂ ಗಿಡವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಂದರು. ಕೆಮ್ಮು ಬಂದಾಗಲೆಲ್ಲ ಎಲೆಗೆ ತಾಗದಂತೆ ಮುಖ ಆಚೆ ತಿರುಗಿಸುತ್ತಿದ್ದರು.

ಮನೆಗೆ ಬಂದವಳೇ ಅಕ್ಕ ಅವರ ಕಿಟಕಿಯ ಎದುರಿಗೆ ನಾಲ್ಕು ಜಿನಿಯಾ ಕಿತ್ತು ಪಕ್ಕಕ್ಕಿಟ್ಟು, ಗುದ್ದಲಿ ಎತ್ತಿದಳು.

"ಅಲ್ಲಿ ಬೇಡ ಕಣೇ" ಎಂದರು ಪಕ್ಕದಲ್ಲೇ ನಿಂತಿದ್ದ ಯಜಮಾನರು. "ಆ ಕಡೆ ಹಾಕು, ನಿನ್ನ ಮಿಷಿನ್ ಇರೋ ಕಿಟಕಿ ಮುಂದೆ."

"ಯಾಕೆ?"

"ದಿನಾ ಬೆಳಗಾದ್ರೆ ನೀನು ಕೂರೋದು ಅಲ್ಲೇ ಅಲ್ವಾ. ನಿನಗೆ ಕಾಣುತ್ತೆ."

ಮುಂದಿನ ಸ್ಟಾಪು ಯಾವುದೆಂದು ಹೇಳುವಷ್ಟು ಸಲೀಸಾಗಿ ಹೇಳಿದರು. ಅಕ್ಕನಿಗೆ ಅದು ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅವಸರ ಇಲ್ಲವೆಂದು ನಗಿಸಿ ಅವರು ಕೊಂಡದ್ದು ತಮಗಾಗಿ ಅಲ್ಲ. ತಾವಿಲ್ಲದ ಮನೆಯಲ್ಲಿ ಅವಳಿಗೊಂದು ಹೂ ಇರಲೆಂದು. ಅಳು ಬರಬೇಕಾದಲ್ಲಿ ಅವಳಿಗೆ ಸಿಟ್ಟು ಬಂತು. ನೆತ್ತಿಗೇರುವಂಥ ಸಿಟ್ಟು.

ಅವಳು ಆ ಕಡೆ ತಿರುಗಿಯೂ ನೋಡಲಿಲ್ಲ. ನಿಂತಲ್ಲೇ, ಅವರ ಕಿಟಕಿಯ ಎದುರಿಗೇ ಗುದ್ದಲಿ ಹಾಕಿದಳು.

"ಏ, ನಾನು ಹೇಳಿದ್ದು ಕೇಳಿಸ್ತಾ?"

"ಕೇಳಿಸ್ತು. ಕೆಲಸದ ಹೊತ್ತಲ್ಲಿ ತಲೆ ಎತ್ತಿ ಹೂ ನೋಡ್ತಾ ಕೂರೋಕೆ ನನಗೆ ಪುರುಸೊತ್ತಿಲ್ಲ" ಎಂದಳು ಅಕ್ಕ, ಅಗೆಯುವುದನ್ನು ನಿಲ್ಲಿಸದೆ. "ಅರಳಿದಾಗ ಯಾವ ಬಣ್ಣ ಅಂತ ನೀವೇ ಈ ಕಿಟಕಿಯಿಂದ ಕೂಗಿ ಹೇಳ್ಬೇಕು. ಹೇಳ್ತೀರೋ ಇಲ್ವೋ?"

ಯಜಮಾನರು ಗೋಡೆ ಹಿಡಿದು ನಿಧಾನವಾಗಿ ಕುಕ್ಕರಗಾಲಿನಲ್ಲಿ ಕೂತು, ಗಿಡವನ್ನು ಗುಂಡಿಯೊಳಗೆ ನೆಟ್ಟಗೆ ಹಿಡಿದುಕೊಂಡರು. ಅವಳು ಎರಡೂ ಕೈಯಿಂದ ಮಣ್ಣು ಎಳೆದು ಅದರ ಬುಡಕ್ಕೆ ಒತ್ತಿದಳು.