ಮೈಕ್ ನಾಸಿರ್ ಕೂಗಿದ ಪಂದ್ಯ

ದುರ್ಗದಲ್ಲಿ ನಾಸಿರನ ಮುಖ ಗೊತ್ತಿಲ್ಲದವರು ಇರಬಹುದು, ದನಿ ಗೊತ್ತಿಲ್ಲದವರಿಲ್ಲ. ಬುರುಜನಹಟ್ಟಿಯಿಂದ ಹಿಡಿದು ಚಂದ್ರವಳ್ಳಿ ರಸ್ತೆಯ ತುದಿಯವರೆಗೆ ಯಾರೇ ತೀರಿಕೊಂಡರೂ, ಆಟೋಕ್ಕೆ ಮೈಕ್ ಕಟ್ಟಿಕೊಂಡು ಊರಿಗೆ ಸುದ್ದಿ ಮುಟ್ಟಿಸುವವನು ಅವನೇ. “ನಮ್ಮನ್ನಗಲಿದ್ದಾರೆ ಎಂದು ತಿಳಿಸಲು ವಿಷಾದಿಸುತ್ತೇವೆ” ಎಂದು ಅವನು ದನಿ ಇಳಿಸಿದರೆ, ಸತ್ತವರ ಮೇಲೆ ಹಲ್ಲು ಮಸೆಯುತ್ತಿದ್ದವರೂ ಒಂದು ಗಳಿಗೆ ತಲೆ ತಗ್ಗಿಸುತ್ತಿದ್ದರು. ಹೊಳಲ್ಕೆರೆ, ಹೊಸದುರ್ಗದಿಂದಲೂ ಕರೆ ಬರುತ್ತಿತ್ತು. ಹಿರಿಯೂರಿನ ಯಜಮಾನರೊಬ್ಬರಂತೂ ತಮ್ಮ ಸುದ್ದಿಯನ್ನು ನಾಸಿರನೇ ಕೂಗಬೇಕೆಂದು ಗಟ್ಟಿಮುಟ್ಟಾಗಿರುವಾಗಲೇ ಹೇಳಿಟ್ಟಿದ್ದರಂತೆ.

ಇಂಥ ದನಿ ಇದ್ದದ್ದೇ ಅವನಿಗೆ ತಾಪತ್ರಯವಾಯಿತು ನೋಡಿ. ಹಾಲಿನಂಗಡಿಯಲ್ಲಿ ಅರ್ಧ ಲೀಟರ್ ಕೇಳಿದರೂ ಪಕ್ಕದವರು ಬೆಚ್ಚಿಬಿದ್ದು, ಯಾರು ಹೋದರಪ್ಪ ಎಂದು ಕೇಳುತ್ತಿದ್ದರು. ಅಕ್ಕನ ಮಗಳು ಮದೀಹಾಳ ನಿಕಾಹ್ ದಿನ, ಬಂದವರನ್ನು ಊಟಕ್ಕೆ ಕರೆಯೋಣವೆಂದು ಅವನು ಮೈಕಿಗೆ ಕೈ ಹಾಕಿದ. ಸ್ವಂತ ಅಕ್ಕನೇ ಓಡಿಬಂದು ಕಿತ್ತುಕೊಂಡಳು. ಶುಭಕಾರ್ಯದಲ್ಲಿ ನಿನ್ನ ಬಾಯಿ ಬೇಡ ಅಂದಳು, ಅದೂ ಬೀಗರ ಮುಂದೆ. ನಾಸಿರ್ ಬಿರಿಯಾನಿ ಮುಟ್ಟದೆ ಮನೆಗೆ ಬಂದ. ಅವತ್ತಿನಿಂದ ಅವನಿಗೆ ಒಂದೇ ಹಟ ಹತ್ತಿತು: ಒಂದು ಸಲವಾದರೂ ಜನ ತನ್ನ ದನಿ ಕೇಳಿ ಖುಷಿಪಡಬೇಕು.

ಆಟೋ ಓಡಿಸುತ್ತಿದ್ದ ನಾಗಣ್ಣನಿಗೆ ಇದು ಹುಚ್ಚಾಟವಾಗಿ ಕಂಡಿತ್ತು. ಅವನು ಮಾಡದಕೆರೆ ಕಡೆಯವನು, ನಾಸಿರನಿಗಿಂತ ಹಿರಿಯ, ಮಾತು ಕಡಿಮೆ. ನಕ್ಕರೆ ಮಾತ್ರ ಹೊಟ್ಟೆ ಹಿಡಿದುಕೊಂಡು ನಗುವವನು. ದಿನವೂ ಒಂದು ಟೀಯನ್ನು ಇಬ್ಬರೂ ಬೈಟು ಮಾಡಿಕೊಂಡು ಕುಡಿದು, ಆಮೇಲೆ ಸಾವಿನ ಮನೆಗೆ ಹೊರಡುತ್ತಿದ್ದರು.

ಹೀಗಿರುವಾಗ ಹಳೆಯ ಪರಿಚಯದ ರಾಮಗಿರಿಯ ಬೀರೇಶ್ ಫೋನು ಮಾಡಿದ. ಬೆಂಗಳೂರಿನ ಮೈಕ್‌ಸೆಟ್ ಕಂಪನಿಯೊಂದರಲ್ಲಿ ಅವನಿಗೆ ಕೆಲಸ. ನಮ್ಮ ದೇಶದ ಫುಟ್‌ಬಾಲ್ ತಂಡ ಬೇರೆ ಮೂರು ದೇಶಗಳನ್ನು ಆಹ್ವಾನಿಸಿ ಅಲ್ಲಿ ಟೂರ್ನಿ ಆಡುವುದಿತ್ತು. ಕ್ರೀಡಾಂಗಣದಲ್ಲಿ ಇಂಗ್ಲಿಷಿನಲ್ಲಿ ಹೇಳುವವರಿದ್ದರು, ಕನ್ನಡದಲ್ಲಿ ಹೇಳುವವನು ಬೇಕಾಗಿತ್ತು. ಯಾರು ಗೋಲು ಹೊಡೆದರು, ಯಾರು ಒಳಗೆ ಬಂದರು, ಯಾರು ಹೊರಗೆ ಹೋದರು, ಅಷ್ಟೇ. ಮೊದಲ ಪಂದ್ಯದಲ್ಲಿ ಸೈ ಅನಿಸಿಕೊಂಡರೆ ಉಳಿದವೂ ಅವನಿಗೇ ಎಂದು ಬೀರೇಶ್ ಹೇಳಿದ್ದ. ನಾಸಿರ್ ವಾರವಿಡೀ ಬಚ್ಚಲುಮನೆಯಲ್ಲಿ ಗೋಲ್ ಗೋಲ್ ಎಂದು ಕೂಗಿ ಅಭ್ಯಾಸ ಮಾಡಿದ. ಹೆಂಡತಿ ಗುಲ್ನಾಜ್ ಅಕ್ಕಪಕ್ಕದವರಿಗೆ ಸಮಜಾಯಿಷಿ ಹೇಳಿ ಸುಸ್ತಾದಳು.

ಪಂದ್ಯದ ದಿನ ನಾಗಣ್ಣನೂ ಜೊತೆಗೆ ಹೋಗಿ ಗ್ಯಾಲರಿಯಲ್ಲಿ ಕುಳಿತ. ಮೊದಲರ್ಧದಲ್ಲಿ ನಮ್ಮವರು ಗೋಲು ಹೊಡೆದಾಗ ನಾಸಿರ್ ಕೂಗಿದ ಕೂಗಿಗೆ ಇಡೀ ಕ್ರೀಡಾಂಗಣ ಎದ್ದು ನಿಂತಿತು. ಸಾವಿರಾರು ಜನ ಅವನ ದನಿಗೆ ಕುಣಿದರು. ನಾಸಿರನ ಕಣ್ಣು ಒದ್ದೆಯಾಯಿತು. ಅಕ್ಕ ಇದನ್ನು ಕೇಳಬೇಕಿತ್ತು ಅಂದುಕೊಂಡ.

ಅಲ್ಲಿಗೇ ಮುಗಿದಿದ್ದರೆ ಈ ಕಥೆ ನಾನು ಹೇಳಬೇಕಾಗಿಯೇ ಇರಲಿಲ್ಲ. ಆಟ ಮುಗಿಯುವ ಹೊತ್ತಿಗೆ ನಮ್ಮ ತಂಡದ ನಾಯಕನನ್ನು ಹೊರಗೆ ಕರೆಸಿಕೊಂಡು ಬೇರೊಬ್ಬನನ್ನು ಇಳಿಸಿದರು. ನಾಯಕ ಮೆಲ್ಲಗೆ ಅಂಚಿನ ಕಡೆ ನಡೆಯುತ್ತಿದ್ದ, ಜನ ಚಪ್ಪಾಳೆ ತಟ್ಟುತ್ತಿದ್ದರು. ನಾಸಿರನ ದನಿ ತಾನಾಗಿಯೇ ಇಳಿಯಿತು. ಎಷ್ಟೋ ವರ್ಷದಿಂದ ಆ ದನಿ ಇಳಿದಾಗಲೆಲ್ಲ ಅದರ ಹಿಂದೆ ಬರುತ್ತಿದ್ದದ್ದು ಒಂದೇ ಮಾತು.

“ಭಾರತ ತಂಡದ ನಾಯಕರು, ಹತ್ತನೇ ನಂಬರಿನ ಆಟಗಾರರು, ನಮ್ಮನ್ನಗಲಿದ್ದಾರೆ ಎಂದು ತಿಳಿಸಲು ವಿಷಾದಿಸುತ್ತೇವೆ. ಅಂತ್ಯಕ್ರಿಯೆಯು...”

ಬೀರೇಶ್ ಓಡಿಬಂದು ಮೈಕ್ ಆಫ್ ಮಾಡಿದ. ಇಡೀ ಕ್ರೀಡಾಂಗಣ ಬಿದ್ದು ಬಿದ್ದು ನಕ್ಕಿತು. ಬೆಂಚಿನಲ್ಲಿ ಕುಳಿತ ನಾಯಕ ಪಕ್ಕದವನನ್ನು ಕೇಳಿ ತಿಳಿದುಕೊಂಡು, ತನ್ನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ಇದೆಯೋ ಇಲ್ಲವೋ ನೋಡಿಕೊಂಡ. ಗ್ಯಾಲರಿಯಲ್ಲಿ ನಾಗಣ್ಣನಿಗೆ ನಕ್ಕು ನಕ್ಕು ಕೆಮ್ಮು ಬಂದು, ಪಕ್ಕದವರು ನೀರು ಕುಡಿಸಬೇಕಾಯಿತು.

ಮುಂದಿನ ಪಂದ್ಯಕ್ಕೆ ಬೇರೆಯವರು ಬಂದರು. ಅದಿರಲಿ. ಆ ಮಾತಿನ ವಿಡಿಯೊ ಅವನಿಗಿಂತ ಮೊದಲೇ ದುರ್ಗ ತಲುಪಿತ್ತು. ಮೊದಮೊದಲು ನಾಸಿರನೂ ನಕ್ಕ. ಜನ ತನ್ನ ದನಿ ಕೇಳಿ ನಗಲಿ ಎಂದು ತಾನೇ ಅವನು ಬಯಸಿದ್ದು? ಆದರೆ ಹೊಳಲ್ಕೆರೆಯಲ್ಲಿ ಒಂದು ಸಾವಿನ ಸುದ್ದಿ ಕೂಗಲು ಹೋದಾಗ, ಹೋಟೆಲ್ ಮುಂದೆ ಕೂತವನೊಬ್ಬ ಎದ್ದು ಕೇಳಿದ:

“ಎಷ್ಟನೇ ನಂಬರ್ರಿ?”

ಬೀದಿಯೆಲ್ಲ ನಕ್ಕಿತು. ಸತ್ತವನ ತಮ್ಮ ಅಲ್ಲೇ ನಿಂತಿದ್ದ. ಅವನು ಆಟೋ ವಾಪಸು ಕಳಿಸಿದ. ಆಮೇಲೆ ಯಾರೂ ಕರೆಯಲಿಲ್ಲ. ಸಾವಿನ ಮನೆಯವರು ಮೊಬೈಲಿನಲ್ಲಿ ದನಿ ತುಂಬಿಸಿ ಅದನ್ನೇ ಮೈಕಿಗೆ ಹಿಡಿಯತೊಡಗಿದರು. ಮದುವೆಗೆ ಬೇಡವಾಗಿದ್ದ ದನಿ ಈಗ ಮಸಣಕ್ಕೂ ಬೇಡವಾಯಿತು. ನಾಗಣ್ಣ ಮಾತ್ರ ದಿನವೂ ಬಂದು ಬೈಟು ಟೀ ಹೇಳುತ್ತಿದ್ದ. ಬಾಡಿಗೆಯಿಲ್ಲದ ದಿನವೂ ಆಟೋದ ಮೇಲಿನ ಮೈಕ್ ಬಿಚ್ಚಲಿಲ್ಲ.

ಒಂದು ಬೆಳಿಗ್ಗೆ ಆಟೋ ಒರೆಸುತ್ತಿದ್ದ ನಾಗಣ್ಣ ಎದೆ ಹಿಡಿದುಕೊಂಡು ಅಲ್ಲೇ ಕುಸಿದ. ನಾಸಿರ್ ಓಡಿಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾಗಣ್ಣನ ಮಗ ರಾಜಕುಮಾರ್ ಮೊಬೈಲಿನಲ್ಲಿ ಯಾರ ದನಿಯನ್ನೋ ತುಂಬಿಸಿ ತಂದಿದ್ದ. ನಾಸಿರ್ ಮಾವ ಕೂಗಿದರೆ ಜನ ನಗುತ್ತಾರೆ, ಅಪ್ಪನ ಸಾವು ನಗೆಪಾಟಲಾಗುವುದು ಬೇಡ ಎಂದು ತಾಯಿಗೆ ಹೇಳುತ್ತಿದ್ದ. ನಾಸಿರ್ ಬಾಗಿಲಲ್ಲೇ ನಿಂತು ಕೇಳಿಸಿಕೊಂಡ. ಅವನಿಗೆ ಸಿಟ್ಟು ಬರಲಿಲ್ಲ. ಆ ಹುಡುಗ ಹೇಳಿದ್ದು ಸುಳ್ಳಲ್ಲ.

ಹೆಣದ ತಲೆದೆಸೆಯಲ್ಲಿ ಕೂತಿದ್ದ ನಾಗಣ್ಣನ ಹೆಂಡತಿ ಏಕಾಂತಮ್ಮ ತಲೆಯೆತ್ತಿದಳು.

“ನಕ್ಕರೆ ನಗ್ಲಿ ಬಿಡು. ಅವತ್ತು ಎಲ್ಲಾರಿಗಿಂತ ಜಾಸ್ತಿ ನಕ್ಕಿದ್ದು ಇವ್ರೇ. ಊರಿಗೆಲ್ಲಾ ನೀನು ಕೂಗಿದೀಯ ನಾಸಿರ, ಇವ್ರಿಗೆ ಬೇರೆಯವ್ರು ಕೂಗ್ಬೇಕಾ?”

ರಾಜಕುಮಾರನೇ ಆಟೋ ಓಡಿಸಿದ. ನಾಸಿರ್ ಹಿಂದಿನ ಸೀಟಿನಲ್ಲಿ ಕುಳಿತು ಮೈಕ್ ಹಿಡಿದ. ಓಣಿಯ ಟೀ ಅಂಗಡಿಯ ಮುಂದೆ ಅವನ ದನಿ ಏಳುತ್ತಿದ್ದಂತೆ ನಗುವೂ ಎದ್ದಿತು. ಯಾರೋ ನಂಬರ್ ಕೇಳಿದರು. ರಾಜಕುಮಾರ್ ಹಲ್ಲು ಕಚ್ಚಿಕೊಂಡು ಆಟೋ ಮೆಲ್ಲಗೆ ಮುಂದಕ್ಕೆ ಬಿಟ್ಟ. ನಾಸಿರ್ ಕೂಗುವುದನ್ನು ನಿಲ್ಲಿಸಲಿಲ್ಲ.

“ಆಟೋ ಚಾಲಕರಾಗಿದ್ದ ಮಾಡದಕೆರೆಯ ನಾಗಣ್ಣನವರು ನಮ್ಮನ್ನ...”

ಇಷ್ಟು ವರ್ಷ ಆ ‘ನಮ್ಮನ್ನು’ ಅಂದರೆ ಸತ್ತವರ ಮನೆಯವರು. ನಾಸಿರ್ ಅವರ ಪರವಾಗಿ ಬಾಯಿ ಬಿಡುವವನು, ಅಷ್ಟೇ. ಇವತ್ತು ಅದರೊಳಗೆ ತಾನೂ ಇದ್ದೇನೆಂದು ಅವನಿಗೆ ಆ ಮಾತಿನ ಅರ್ಧದಲ್ಲಿ ಗೊತ್ತಾಯಿತು. ಮುಂದಿನದು ಬಾಯಿಗೆ ಬರಲಿಲ್ಲ. ಟೀ ಅಂಗಡಿಯ ಮುಂದೆ ಕೂತಿದ್ದವರು ಒಬ್ಬೊಬ್ಬರಾಗಿ ಎದ್ದು ನಿಂತರು. ಮೈಕ್ ಆನ್ ಆಗಿಯೇ ಇತ್ತು, ನಾಸಿರ್ ಅಳುವುದು ಓಣಿಯ ಕೊನೆಯ ಮನೆಯವರೆಗೂ ಕೇಳಿಸಿತು.